ಬ್ಲಾಕ್ ಆಂಟಿ ಕಟ್ಟಿದ ಪೆಟ್ಟಿಗೆ

ಈ ಹೆಂಗಸಿಗೆ ಇದುವರೆಗೆ ಒಂದು ಮಗುವೂ ಥ್ಯಾಂಕ್ಸ್ ಹೇಳಿಲ್ಲ.

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಗೇಟಿನ ಕಾವಲುಗಾರ ಆಕಳಿಸುತ್ತಲೇ ಬೀಗ ತೆಗೆಯುತ್ತಾನೆ. ಆಕೆ ಅಂಗಳ ದಾಟಿ ಮೆಟ್ಟಿಲ ಕೆಳಗಿನ ಕೋಣೆಗೆ ನುಗ್ಗುತ್ತಾಳೆ. ಒಂದು ಕಾಲಕ್ಕೆ ಇದು ಆಟದ ಸಾಮಾನಿನ ಕೋಣೆ. ಗಾಳಿ ಹೋದ ಫುಟ್‌ಬಾಲುಗಳ ಬಲೆ ಮೂಲೆಯಲ್ಲಿ ಇನ್ನೂ ನೇತಾಡುತ್ತಿದೆ. ಕಿಟಕಿ ಇಲ್ಲ. ಇರುವುದು ಒಂದೇ ಕುರ್ಚಿ. ಗೋಡೆಗೆ ಒರಗಿಸಿದ ಕಪ್ಪು ಬೀರುವಿನೊಳಗೆ ಈ ವಲಯದ ಹತ್ತೊಂಬತ್ತು ಶಾಲೆಗಳ ಇಂಟರ್‌ನೆಟ್ಟು ಗುಂಯ್‌ಗುಡುತ್ತಿದೆ. ಆಕೆ ಅದರ ಪಕ್ಕೆಗೆ ಕೈಯ ಹಿಂಭಾಗ ಒತ್ತಿ ನೋಡುತ್ತಾಳೆ, ಮಲಗಿದ ಮಗುವಿನ ಹಣೆ ಮುಟ್ಟಿ ನೋಡಿದ ಹಾಗೆ.

‘ಜ್ವರ ಇಲ್ಲ,’ ಎನ್ನುತ್ತಾಳೆ. ಆಮೇಲೆ ಕುರ್ಚಿ ಎಳೆದುಕೊಂಡು ಪರದೆಯ ಮುಂದೆ ಕೂರುತ್ತಾಳೆ.

ಹನ್ನೊಂದು ಸಾವಿರ ಮಕ್ಕಳಿಗೆ ಶಾಲೆ ಕೊಟ್ಟ ಟ್ಯಾಬ್ಲೆಟ್ಟುಗಳಿವೆ. ಅವುಗಳಲ್ಲಿ ಯಾರಾದರೂ ಹುಡುಕಬಾರದ್ದನ್ನು ಹುಡುಕಿದರೆ, ಹೊರಗಿನ ಯಾರಾದರೂ ಕೇಳಬಾರದ್ದನ್ನು ಕೇಳಿದರೆ, ಇಲ್ಲಿ ಒಂದು ಕೆಂಪು ಸಾಲು ಮೂಡುತ್ತದೆ. ಮುಕ್ಕಾಲು ಪಾಲು ಸಾಲುಗಳು ಜೊಳ್ಳು. ‘ನೋಡಿ, ಇವನು ಯಾರನ್ನೋ ಕೊಲ್ಲೋದು ಹೇಗೆ ಅಂತ ಕೇಳಿದಾನೆ. ಯಾರನ್ನ? ಸೊಳ್ಳೆನ.’ ಆಕೆ ಆ ಸಾಲನ್ನು ಒರೆಸುತ್ತಾಳೆ. ಮುಂದಿನದು ಜೀವಶಾಸ್ತ್ರದ ಹೋಮ್‌ವರ್ಕು. ಅದರ ಮುಂದಿನದು ಜೊಳ್ಳಲ್ಲ. ಅಲ್ಲಿ ಆಕೆಯ ಬೆರಳು ನಿಲ್ಲುತ್ತದೆ.

ಸಾಲಿನಲ್ಲಿ ಹೆಸರಿರುವುದಿಲ್ಲ, ಮಗುವಿನ ಖಾತೆಯ ನಂಬರು ಮಾತ್ರ. ನಂಬರಿನ ಹಿಂದಿನ ಹೆಸರು ತೆರೆಯುವ ಹಕ್ಕು ವಲಯದಲ್ಲಿ ಒಬ್ಬರಿಗೇ ಇದೆ: ಮೇಲಿನ ಮಹಡಿಯ ಆಪ್ತಸಮಾಲೋಚಕಿಗೆ. ಈಕೆ ತಾನು ಕಂಡದ್ದನ್ನು ಜೋಪಾನ ಮಾಡಿ ಮೇಲಕ್ಕೆ ಕಳಿಸಬೇಕು. ಮಗುವನ್ನು ಕರೆದು ಕೂರಿಸಿ ಮಾತಾಡಿಸುವುದು ಅವರ ಕೆಲಸ. ‘ನಂಬರು ನನಗೆ, ಮಗು ಅವರಿಗೆ,’ ಎಂದು ಆಕೆ ನಗುತ್ತಾಳೆ. ಆ ನಗು ಕಣ್ಣಿನ ತನಕ ಹೋಗುವುದಿಲ್ಲ.

ಸಮಾಲೋಚಕಿಯನ್ನು ಮಕ್ಕಳು ‘ಅಕ್ಕ’ ಅನ್ನುತ್ತಾರೆ. ಆಟದ ಸೈಟುಗಳನ್ನೆಲ್ಲ ಮುಚ್ಚಿದ ತಪ್ಪಿಗೆ ಈಕೆ ‘ಬ್ಲಾಕ್ ಆಂಟಿ’. ‘ಅಕ್ಕ ನನಗಿಂತ ಎರಡು ವರ್ಷ ದೊಡ್ಡೋರು ಕಣ್ರೀ. ಯಾರಿಗೆ ಹೇಳೋಣ?’

ಅಕ್ಕನ ಕೋಣೆಗೆ ಎರಡು ಕಿಟಕಿ. ಗೋಡೆಯ ತುಂಬ ಮಕ್ಕಳು ಬರೆದ ಚಿತ್ರ, ಕಾರ್ಡು, ಒಣಗಿದರೂ ಎಸೆಯದ ಹೂವು. ಬ್ಲಾಕ್ ಆಂಟಿಯ ಮೇಜಿನ ಮೇಲೆ ಹಲ್ಲಿನ ಗುರುತು ಬಿದ್ದ ಹೆಡ್‌ಫೋನು, ಕೀಲಿ ಉದುರಿದ ಕೀಬೋರ್ಡು, ಯಾರೋ ಚ್ಯೂಯಿಂಗ್ ಗಮ್ ತುರುಕಿದ ಚಾರ್ಜರು. ಮಕ್ಕಳಿಂದ ಆಕೆಗೆ ಬರುವುದು ಇಷ್ಟೇ.

ಓದಿದ್ದು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ. ಟಿ.ವಿ. ರಿಪೇರಿ ಅಂಗಡಿಯಲ್ಲಿ ಬೆಸುಗೆ ಹಾಕುತ್ತಿದ್ದವಳು ಪ್ರಿಂಟರು ಸರಿಮಾಡಲೆಂದು ಶಾಲೆಗೆ ಬಂದು ಇಲ್ಲೇ ಉಳಿದಳು. ಗಂಡ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುತ್ತಾನೆ. ‘ನಿನ್ನ ಕಾಯಿಲೆಗೆ ನಮ್ಮಂಗಡೀಲಿ ಯಾವ ನಂಬರೂ ಇಲ್ಲ ಮಾರಾಯ್ತಿ, ಅದು ಕಣ್ಣಿಂದಲ್ಲ, ಹೊಟ್ಟೇದು’ ಎಂದು ರೇಗಿಸುತ್ತಾನೆ. ಅಕ್ಕನ ಮೇಲಿನ ಹೊಟ್ಟೆಕಿಚ್ಚನ್ನು ಆಕೆ ಅಲ್ಲಗಳೆಯುವುದಿಲ್ಲ. ಒಂಬತ್ತನೇ ತರಗತಿಯ ಮಗಳು ಇದೇ ಶಾಲೆಯಲ್ಲಿ ಓದುತ್ತಾಳೆ. ಬ್ಲಾಕ್ ಆಂಟಿ ತನ್ನ ತಾಯಿ ಎಂದು ತೀರಾ ಹತ್ತಿರದ ಗೆಳತಿಗೆ ಬಿಟ್ಟರೆ ಯಾರಿಗೂ ಹೇಳಿಲ್ಲ. ಮನೆಯಲ್ಲಿ ಬಾಯಿ ಬಿಟ್ಟರೆ ‘ಅಕ್ಕ ಹೇಳಿದ್ರು’ ಎಂದೇ ಶುರು. ಕೂದಲು ಹೇಗೆ ಕಟ್ಟಬೇಕು ಅನ್ನುವುದನ್ನೂ ಅಕ್ಕನೇ ಹೇಳಿರುತ್ತಾರೆ.

ಶಾಲೆಗಳ ಜಾಲತಾಣದಲ್ಲಿ ‘ಪೆಟ್ಟಿಗೆ’ ಎಂಬ ಪುಟವಿದೆ. ಮಗು ತನ್ನ ಕಷ್ಟವನ್ನು ಅಲ್ಲಿ ಬರೆದರೆ ಅಕ್ಕ ಅಲ್ಲೇ ಉತ್ತರ ಕೊಡುತ್ತಾರೆ. ಬೇಡಿಕೆ ಅಕ್ಕನದು, ಕಟ್ಟಿದ್ದು ಈಕೆ. ಇಡೀ ಒಂದು ರಜೆಯನ್ನು ಅದಕ್ಕೇ ಸುರಿದಳು. ಅಕ್ಕ ಹಾಕಿದ್ದು ಒಂದೇ ಷರತ್ತು: ಬರೆದವರು ಯಾರೆಂದು ಕೇಳಕೂಡದು. ಹೆಸರು, ತರಗತಿ, ನಂಬರು, ಏನೂ ಬೇಡ. ಪತ್ರಗಳನ್ನು ಓದುವವರು ಅಕ್ಕ. ಎಷ್ಟು ಬಂದವು ಅನ್ನುವುದು ಮಾತ್ರ ಈಕೆಗೆ ಕಾಣುತ್ತದೆ. ಪುಟದ ತುದಿಯಲ್ಲಿ ಅಕ್ಕನ ನಗುಮುಖದ ಫೋಟೊ.

ಈ ವರ್ಷದ ಮೊದಲಲ್ಲಿ ಹದಿನಾಲ್ಕರ ಹುಡುಗನೆಂದು ಹೇಳಿಕೊಂಡು ಒಬ್ಬ ದೊಡ್ಡ ಗಂಡಸು ಐದು ಶಾಲೆಗಳ ಹೆಣ್ಣುಮಕ್ಕಳ ಹತ್ತಿರ ಫೋಟೊ ಕೇಳುತ್ತಿದ್ದ. ಐದೂ ಕಡೆ ಒಬ್ಬನೇ ಎಂದು ಗುರುತು ಹಿಡಿದವಳು ಈಕೆ. ಅವನು ‘ಹೋಮ್‌ವರ್ಕ್ ಆಯ್ತಾ ಪುಟ್ಟಾ’ ಎಂದೇ ಮಾತು ತೆಗೆಯುತ್ತಿದ್ದ. ‘ಹದಿನಾಲ್ಕರ ಹುಡುಗ ಯಾವನು ರೀ ಹೋಮ್‌ವರ್ಕ್ ವಿಚಾರಿಸ್ಕೊಳ್ತಾನೆ?’ ಆಕೆ ದಾರಿ ಮುಚ್ಚಿದಳು, ಎಲ್ಲವನ್ನೂ ಉಳಿಸಿಟ್ಟಳು, ಮೇಲಕ್ಕೆ ಕಳಿಸಿದಳು. ಪೊಲೀಸರು ಅವನನ್ನು ಹಿಡಿದರು. ಹುಡುಗಿಯರನ್ನು ಅಕ್ಕ ಒಬ್ಬೊಬ್ಬರನ್ನಾಗಿ ಕೂರಿಸಿಕೊಂಡು ಮಾತಾಡಿಸಿದರು. ಅವರ ತಾಯಂದಿರು ಅಕ್ಕನ ಕೈಹಿಡಿದು ಅತ್ತರು.

ವಾರ್ಷಿಕ ಸಭೆಯಲ್ಲಿ ಸನ್ಮಾನ. ಅಕ್ಕ ವೇದಿಕೆಯ ಮೇಲೆ, ಈಕೆ ವೇದಿಕೆಯ ಕೆಳಗೆ, ಮೈಕಿನ ತಂತಿ ಹಿಡಿದುಕೊಂಡು. ‘ತಾಂತ್ರಿಕ ವಿಭಾಗಕ್ಕೂ ನನ್ನ ವಂದನೆ,’ ಎಂದರು ಅಕ್ಕ.

‘ವಿಭಾಗ ಅಂದ್ರೆ ಯಾರು? ನಾನು, ಬೀರು, ಗಾಳಿ ಹೋದ ಫುಟ್‌ಬಾಲು,’ ಎನ್ನುತ್ತಾಳೆ ಈಕೆ.

ಹೂಗುಚ್ಛ ಕೊಡಲು ಮೆಟ್ಟಿಲು ಹತ್ತಿದವಳು ಆಕೆಯ ಮಗಳು. ಕೊಟ್ಟವಳೇ ಅಕ್ಕನನ್ನು ಅಪ್ಪಿಕೊಂಡಳು. ಮನೆಯಲ್ಲಿ ಅಪ್ಪಿಕೊಳ್ಳುವುದನ್ನು ಆ ಹುಡುಗಿ ಬಿಟ್ಟು ಬಹಳ ಕಾಲವಾಗಿತ್ತು. ಅದೇ ವಾರ ಮಗಳು ಊಟದ ಹೊತ್ತಿಗೆ ಮುಖ ಗಂಟಿಕ್ಕಿ ಕೂತು, ಕೇಳಿದರೆ ‘ಏನಿಲ್ಲಮ್ಮ’ ಎಂದು ಎದ್ದು ಹೋಗತೊಡಗಿದಳು. ಏನೋ ಇದೆ, ಅದು ಪೆಟ್ಟಿಗೆಗೆ ಹೋಗುತ್ತಿದೆ, ತನಗೆ ಬರುತ್ತಿಲ್ಲ ಎಂದು ತಾಯಿಗೆ ಖಾತ್ರಿಯಾಯಿತು.

ಶಾಲೆಯ ಪ್ರತಿಯೊಂದು ಪುಟವನ್ನೂ ಖಾತೆಯ ನಂಬರು ಹಾಕಿಯೇ ತೆರೆಯಬೇಕು ಎಂಬ ಹಳೆಯ ನಿಯಮವೊಂದಿದೆ. ಪೆಟ್ಟಿಗೆಯ ವಿಷಯದಲ್ಲಿ ಯಾರೂ ಅದನ್ನು ಎತ್ತಿರಲಿಲ್ಲ. ಸಭೆಯ ಮರುವಾರ ಆಕೆ ಎತ್ತಿದಳು. ಸೋಮವಾರ ಬೆಳಿಗ್ಗೆ ಪೆಟ್ಟಿಗೆಯ ಬಾಗಿಲಲ್ಲಿ ನಂಬರು ಕೇಳುವ ಕಿಂಡಿಯೊಂದು ಬಂದು ಕೂತಿತು. ಅಕ್ಕನಿಗೂ ಹೇಳಿರಲಿಲ್ಲ.

ಅಂದು ಸಂಜೆ ಆಕೆ ಬರೆದವರ ನಂಬರು ತೆಗೆದು ನೋಡಿದಳು. ಯಾರ ನಂಬರು ಯಾರದೆಂದು ಆಕೆಗೆ ಗೊತ್ತಾಗುವಂತಿಲ್ಲ. ಮಗಳದು ಮಾತ್ರ ಬಾಯಿಪಾಠ. ಅದು ಅಲ್ಲಿರಲಿಲ್ಲ. ‘ಮೊದಲು ಜೀವ ತಣ್ಣಗಾಯ್ತು. ಬರೆಯೋದಾದ್ರೆ ಇದನ್ನೂ ಬರೀರಿ,’ ಎನ್ನುತ್ತಾಳೆ. ಪಟ್ಟಿಯಲ್ಲಿ ಇದ್ದದ್ದೇ ಮೂರು ನಂಬರು, ಎಂದಿಗಿಂತ ತೀರಾ ಕಡಿಮೆ ಎಂಬುದು ಕಣ್ಣಿಗೆ ಬಿದ್ದದ್ದು ಆಮೇಲೆ.

ಮರುದಿನ ಅಕ್ಕ ಮೊದಲ ಬಾರಿಗೆ ಮೆಟ್ಟಿಲ ಕೆಳಗಿನ ಕೋಣೆಗೆ ಬಂದರು. ಕೂರಲು ಇನ್ನೊಂದು ಕುರ್ಚಿ ಇಲ್ಲ. ನಿಂತೇ ಕೇಳಿದರು.

‘ಏನು ಮಾಡಿದೆ ನೀನು?’

‘ನಿಯಮ ಇದೆ.’

‘ಹೋದ ವರ್ಷಾನೂ ಇತ್ತಲ್ಲ.’

ಅಕ್ಕ ಬೈಯಲಿಲ್ಲ. ಅದೂ ಈಕೆಯ ಮೈ ಉರಿಸಿತು. ‘ಬೈದಿದ್ರೆ ನಾನೂ ನಾಲ್ಕು ಮಾತು ಅಂದು ಹಗುರ ಆಗ್ತಿದ್ದೆ. ಅಷ್ಟಕ್ಕೂ ಅವರಿಗೆ ಒಳ್ಳೆಯವರಾಗೇ ಇರಬೇಕಲ್ಲ.’ ಕಿಂಡಿಯನ್ನು ಆಗಲೇ ಕಿತ್ತು ಹಾಕಿದಳು. ಅಷ್ಟರಲ್ಲಿ ಸುದ್ದಿ ಹತ್ತೊಂಬತ್ತು ಶಾಲೆಗಳ ಕಾರಿಡಾರು ಸುತ್ತಿ ಬಂದಿತ್ತು: ಪೆಟ್ಟಿಗೆ ನಂಬರು ಕೇಳುತ್ತದೆ, ಬ್ಲಾಕ್ ಆಂಟಿ ಓದುತ್ತಾಳೆ. ಅಕ್ಕ ತರಗತಿ ತರಗತಿಗೆ ಹೋಗಿ ‘ಯಾರೂ ಓದಲ್ಲ, ನಂಬರೂ ಬೇಡ’ ಎಂದು ಹೇಳಿ ಬಂದರು. ಮಕ್ಕಳು ತಲೆಯಾಡಿಸಿದರು, ಬರೆಯಲಿಲ್ಲ.

ಆ ರಾತ್ರಿ ಊಟಕ್ಕೆ ಕೂತಾಗ ಮಗಳೇ ಬಾಯಿ ತೆಗೆದಳು.

‘ಅಮ್ಮ, ಅದನ್ನ ಹಾಕಿದ್ದು ನೀನೇನಾ?’

‘ಹೂಂ.’

‘ನಾನು ಒಂದ್ಸಲಾನೂ ಬರೆದಿಲ್ಲ ಅದ್ರಲ್ಲಿ. ಬರೀತಿದ್ದಿದ್ದು ನನ್ ಫ್ರೆಂಡು. ಅವಳಿಗೆ ಮನೇಲಿ ಏನೇನೋ ಇದೆ, ನಂಗೆ ಅದೇ ಚಿಂತೆ. ನಿಂಗೆ ನಾನೇ ಹೇಳಿಬಿಟ್ಟೆ ಅಂದ್ಕೊಂಡಿದಾಳೆ. ಈಗ ನನ್ ಪಕ್ಕ ಕೂರಲ್ಲ.’

ಗಂಡ ಆ ದಿನ ಯಾವ ನಂಬರಿನ ಜೋಕೂ ಹೊಡೆಯಲಿಲ್ಲ.

ಈಗಲೂ ಆಕೆ ಗೇಟು ತೆಗೆಯುವ ಹೊತ್ತಿಗೆ ಬರುತ್ತಾಳೆ. ಬೀರುವಿನ ಪಕ್ಕೆ ಮುಟ್ಟುತ್ತಾಳೆ, ಕೆಂಪು ಸಾಲುಗಳನ್ನು ಸೋಸುತ್ತಾಳೆ. ಕೋಣೆಗೆ ಇನ್ನೊಂದು ಕುರ್ಚಿ ತಂದಿದ್ದಾಳೆ. ಅಕ್ಕ ಎರಡು ಸಲ ಬಂದು ಕೂತಿದ್ದಾರೆ. ಹೊಟ್ಟೆಕಿಚ್ಚು ಹೋಯಿತೇ ಎಂದರೆ ಮುಚ್ಚುಮರೆಯಿಲ್ಲದೆ ‘ಇಲ್ಲ’ ಎನ್ನುತ್ತಾಳೆ. ‘ಅವರನ್ನ ನೋಡಿದ್ರೆ ಈಗ್ಲೂ ಉರಿಯುತ್ತೆ. ಆದ್ರೆ ಸೋಮವಾರ ಬಂದ್ರೆ ನಾನು ಮೊದಲು ನೋಡೋದು ಪೆಟ್ಟಿಗೇನ. ಅದು ತುಂಬಲಿ, ನನಗಿನ್ನೇನೂ ಬೇಡ.’

ಪೆಟ್ಟಿಗೆಗೆ ವಾರಕ್ಕೆ ಅರವತ್ತು ಪತ್ರ ಬರುತ್ತಿದ್ದವು. ಕಳೆದ ವಾರ ಬಂದದ್ದು ಹದಿನೇಳು. ನಲವತ್ತಮೂರು ಕಡಿಮೆ.