ಕಾಂತಾಬಾಯಿ ಗುಡ್ಡ ಹತ್ತಿದ್ದು

ನಮ್ಮ ಓಣಿಯ ಕಾಂತಾಬಾಯಿಯವರಿಗೆ ನಡೆಯುವುದೆಂದರೆ ಬೇಸರವಿಲ್ಲ; ಸುಮ್ಮನೆ ನಡೆಯುವುದರಲ್ಲಿ ಮಾತ್ರ ನಂಬಿಕೆಯಿಲ್ಲ. ತಲೆಯ ಮೇಲೆ ಕೊಡವೋ ಕಂಕುಳಲ್ಲಿ ಕೂಸೋ ಇಲ್ಲದೆ ಪ್ರಾಯದಲ್ಲಿ ಅವರು ಎಲ್ಲಿಗೂ ನಡೆದವರಲ್ಲ. ಬೀದರದಿಂದ ಔರಾದ ಕಡೆಗೆ ಹೋಗುವ ದಾರಿಯಲ್ಲಿ ಒಂದು ಗುಡ್ಡವನ್ನು ಉದ್ಯಾನ ಮಾಡಿ, ನಡೆಯುವವರಿಗೊಂದು ದಾರಿ, ಸೈಕಲ್ಲಿನವರಿಗೊಂದು ದಾರಿ ಕಡಿದಿದ್ದಾರೆ, ನೋಡಲು ಬಾ ಎಂದು ಮಗ ಮಾಣಿಕ ಕರೆದಾಗ ಅವರು ನಕ್ಕುಬಿಟ್ಟರು.

“ಆ ದಾರಿ ಎಲ್ಲಿಗಿ ಹೋಗ್ತದೋ?”

“ಎಲ್ಲಿಗೂ ಇಲ್ಲವ್ವ. ಗುಡ್ಡಾ ಸುತ್ತಿ ಮತ್ತ ಗೇಟಿಗೇ ಬರ್ತದ.”

“ಗೇಟಿಗೇ ಬರೋದಿದ್ರ ಗೇಟಿನಾಗೇ ಕುಂದ್ರಬೇಕಪ್ಪ. ಹೋಗೋದ್ಯಾಕ?”

ಮಾಣಿಕ ನನ್ನ ಹಳೆಯ ವಿದ್ಯಾರ್ಥಿ. ಐವತ್ತರ ಹತ್ತಿರ ಬಂದಿದ್ದಾನೆ, ಔರಾದದಲ್ಲಿ ನೌಕರಿ. ಎಲ್ಲಿಂದಲೋ ಹುಚ್ಚು ಹತ್ತಿಸಿಕೊಂಡು, ದಪ್ಪ ಗಾಲಿಯ ಸೈಕಲ್ ಕೊಂಡು, ರವಿವಾರ ಬಂತೆಂದರೆ ಆ ಗುಡ್ಡದ ಕಲ್ಲುಗಳ ನಡುವೆ ಹತ್ತಿ ಇಳಿಯುತ್ತಾನೆ. ಅವ್ವ, ಅಪ್ಪ ಒಮ್ಮೆ ನೋಡಲಿ ಎಂಬುದು ಅವನ ಆಸೆ. ಕಾಂತಾಬಾಯಿ ಮಾತ್ರ ಒಂದು ವಾರ ಮೊಳಕಾಲು ಎನ್ನುವರು, ಇನ್ನೊಂದು ವಾರ ನೆಂಟರು ಎನ್ನುವರು. ಆ ನೆಪಗಳ ಹಿಂದೆ ಒಂದು ಅಂಜಿಕೆಯಿತ್ತು. ಅದನ್ನು ಹೇಳಬೇಕಾದರೆ ಎಪ್ಪತ್ತೆರಡರ ಬರಗಾಲಕ್ಕೆ ಹೋಗಬೇಕು.

ಅವರ ತವರು ಭಾತಂಬ್ರಾ, ಗಂಡನ ಊರು ಖಟಕ ಚಿಂಚೋಳಿ. ಆ ವರ್ಷ ಎರಡೂ ಊರುಗಳ ಬಾವಿಗಳು ಬತ್ತಿದವು. ಗಂಡ ಕಾಶೀರಾಮರು ಮುಂಬಯಿಗೆ ಕೂಲಿ ಹುಡುಕಿಕೊಂಡು ಹೋದಾಗ ಮಾಣಿಕ ಮಗ್ಗಲು ಹೊರಳಲು ಕಲಿಯುತ್ತಿದ್ದ. ಕೂಸನ್ನು ಕಟ್ಟಿಕೊಂಡು ಕಾಂತಾಬಾಯಿ ಇದೇ ಗುಡ್ಡಕ್ಕೆ ಸರಕಾರದ ಬರಗಾಲದ ಕೆಲಸಕ್ಕೆ ಬಂದರು. ಮಳೆ ಬಂದರೆ ನೀರು ನಿಲ್ಲಲೆಂದು ಒಡ್ಡು ಹಾಕುವ ಕೆಲಸ. ಗಂಡಸರು ಅಗೆದ ಕೆಂಪು ಮಣ್ಣನ್ನು ಹೆಂಗಸರು ಬುಟ್ಟಿಯಲ್ಲಿ ಹೊತ್ತು ಸುರಿಯಬೇಕು. ಕೂಸು ಬೇವಿನ ಗಿಡಕ್ಕೆ ಕಟ್ಟಿದ ಸೀರೆಯ ಜೋಳಿಗೆಯಲ್ಲಿ ತೂಗುತ್ತಿರಬೇಕು.

ಮುಂದಿನ ಬೇಸಗೆಯಲ್ಲಿ ಕಾಶೀರಾಮರು ಜ್ವರ ಬಿದ್ದು, ಕೆಲಸ ಕಳೆದುಕೊಂಡು, ಪರಳಿಯ ಕಡೆಯಿಂದ ಬರುವ ಗಾಡಿಯಲ್ಲಿ ಭಾಲ್ಕಿ ಸ್ಟೇಷನ್ನಿಗೆ ಬಂದಿಳಿದರು. ಎದುರಿಗೆ ನಿಂತಿದ್ದ ಕಾಂತಾಬಾಯಿ ಕೂಸನ್ನು ನೆಲಕ್ಕೆ ಇಳಿಸಿದರು. ಕೂಸು ತಟಪಟನೆ ನಡೆದು ಬಂದು ಅಪ್ಪನ ಮೊಳಕಾಲು ಹಿಡಿಯಿತು.

ಆ ನಡಿಗೆಯೇ ಕಾಶೀರಾಮರ ಬಾಳಿನ ದೊಡ್ಡ ಕಥೆಯಾಯಿತು. ಮಗನನ್ನು ಶಾಲೆಗೆ ಸೇರಿಸಲು ಬಂದಾಗ ನನಗೂ ಹೇಳಿದ್ದರು: “ಮಾಸ್ತರ್ರ, ಇಂವ ಮೊದಲನೇ ಹೆಜ್ಜಿ ಇಟ್ಟಿದ್ದು ಭಾಲ್ಕಿ ಸ್ಟೇಷನ್‌ದಾಗ್ರಿ, ನನ್ನ ಕಡಿಗಿ. ಒಮ್ಮಿ ಬಿದ್ದಿಲ್ರಿ!” ಮಗನಿಗೆ ಹೆಣ್ಣು ನೋಡಲು ಹೋದಲ್ಲಿಯೂ ಅದನ್ನೇ ಹೇಳಿದರು. ಮುಂದೆ ಬಹಳ ವರ್ಷ ಬೀದರದ ಕಾಳಿನ ಪೇಟೆ ಗಾಂಧಿ ಗಂಜದಲ್ಲಿ ಹಮಾಲಿ ಮಾಡಿದರಲ್ಲ, ಅಲ್ಲಿ ತೊಗರಿಯ ಚೀಲದ ಮೇಲೆ ಕುಳಿತು ಅವರು “ಮೊದಲನೇ ಹೆಜ್ಜಿ” ಎಂದರೆ ಸಾಕು, ಕೈಗಾಡಿಯ ಕರೀಮ ಸಾಬ “ಭಾಲ್ಕಿ ಸ್ಟೇಷನ್!” ಎಂದು ಮುಗಿಸುತ್ತಿದ್ದ.

ಅದು ಮೊದಲನೆಯ ಹೆಜ್ಜೆಯಲ್ಲವೆಂದು ಮನೆಯಲ್ಲಿ ಕಾಂತಾಬಾಯಿ ಒಬ್ಬರಿಗೇ ಗೊತ್ತು. ಮಾಣಿಕ ಮೊದಲು ನಡೆದದ್ದು ಗುಡ್ಡದ ಒಡ್ಡಿನ ಮೇಲೆ. ಅಪ್ಪ ಬರುವುದಕ್ಕೆ ಎಷ್ಟೋ ದಿನ ಮುಂಚೆ. ಗಂಡನ ಆ ಕಥೆಯನ್ನು ಅವರು ಒಡೆಯದೆ ಕಾಪಾಡಿಕೊಂಡು ಬಂದಿದ್ದರು. ಗುಡ್ಡಕ್ಕೆ ಹೋದರೆ ಎಲ್ಲಿ ಒಡೆದೀತೋ ಎಂಬುದೇ ಅವರ ಅಂಜಿಕೆ.

ಕೊನೆಗೆ ಒಂದು ರವಿವಾರ ಕಾಶೀರಾಮರೇ ಹಟ ಹಿಡಿದರು. ನನ್ನನ್ನೂ ಕರೆದರು. ಮಾಣಿಕ ಮುಂಚೆಯೇ ಸೈಕಲ್ಲಿನಲ್ಲಿ ಗುಡ್ಡ ಸೇರಿದ್ದ. ಬಸ್ಸಿಳಿದು ಗೇಟಿಗೆ ಹೋದರೆ ಅಲ್ಲಿ ಕುದಿಸಿದ ಶೇಂಗಾ ಮಾರುತ್ತಿದ್ದ ಮುದುಕಿ ಕೂಗಿದಳು:

“ಏ ಕಾಂತಿ! ಸತ್ತೀ ಅಂತ ತಿಳದಿದ್ನೆಲ್ಲ!”

“ನೀ ಇರೂತನ ನಾ ಹ್ಯಾಂಗ ಸಾಯ್ಲಿ ಗುರಮ್ಮಾ?”

ಗುಡ್ಡದ ಬುಡದ ಊರಿನ ಗುರಮ್ಮ ಆಗ ಕಾಂತಾಬಾಯಿಯ ಜೋಡಿ ಮಣ್ಣು ಹೊತ್ತವಳು. ಶೇಂಗಾದ ಬುಟ್ಟಿಯನ್ನು ಸೊಸೆಗೆ ಒಪ್ಪಿಸಿ ನಮ್ಮ ಜೊತೆಗೇ ಹೊರಟುಬಿಟ್ಟಳು. ಕಾಂತಾಬಾಯಿಯ ಮುಖ ಬಾಡಿತು.

ಕಲ್ಲುಗಳ ಮೇಲೆ ಬಿಳಿ ಬಾಣಗಳನ್ನು ಬರೆದಿದ್ದ ಕಿರುದಾರಿಯಲ್ಲಿ ನಾವು ನಿಧಾನವಾಗಿ ಹತ್ತಿದೆವು. ಶಿರಸ್ತ್ರಾಣ ತೊಟ್ಟ ಹುಡುಗರು ಪಕ್ಕದ ದಾರಿಯಲ್ಲಿ ಏದುಸಿರು ಬಿಡುತ್ತ ಸೈಕಲ್ ತುಳಿಯುತ್ತಿದ್ದರು. “ಯಾರ ಬೆನ್ನ ಹತ್ಯಾರ ಇವರಿಗಿ?” ಎಂದು ಗುರಮ್ಮ ಕೇಳಿದಳು. ಸ್ವಲ್ಪ ಹೋದ ಮೇಲೆ, “ಕಾಂತೀ, ನೆನಪದ ಏನ, ನಿನ್ನ ಕೂಸು...” ಎಂದಳು.

“ನಿನ್ನ ಸೊಸಿ ಹ್ಯಾಂಗಾಳ?” ಎಂದರು ಕಾಂತಾಬಾಯಿ ಥಟ್ಟನೆ.

ಸೊಸೆಯ ಮಾತು ಒಂದು ತಿರುವಿನವರೆಗೆ ನಡೆಯಿತು. ಮತ್ತೆ “ನಿನ್ನ ಕೂಸು” ಬಂತು. ಈ ಸಲ ಕಾಂತಾಬಾಯಿ ಅಳಿಯನನ್ನು ವಿಚಾರಿಸಿದರು. ಹೀಗೆ ಗುರಮ್ಮನ ಬೀಗರು, ಎಮ್ಮೆ, ಸೊಂಟನೋವು ಎಲ್ಲವೂ ಮುಗಿಯುವ ಹೊತ್ತಿಗೆ ಒಡ್ಡು ಬಂದೇಬಿಟ್ಟಿತು.

ಹುಲ್ಲು ಬೆಳೆದು ಗಟ್ಟಿಯಾಗಿ ನಿಂತ ಒಡ್ಡು. ಅದರ ಮಡಿಲಲ್ಲಿ ಸ್ವಲ್ಪ ನೀರಿತ್ತು, ಬೆಳ್ಳಕ್ಕಿ ನಿಂತಿತ್ತು. ತುದಿಯಲ್ಲಿದ್ದ ಬೇವಿನ ಗಿಡದ ಬೊಡ್ಡೆ ಒಬ್ಬರ ತೆಕ್ಕೆಗೆ ಸಿಗುವಂತಿರಲಿಲ್ಲ. ಕಾಂತಾಬಾಯಿ ಅದನ್ನು ಮುಟ್ಟಿ ನಿಂತರು.

ಅಷ್ಟರಲ್ಲಿ ಮೇಲಿನಿಂದ ಮಾಣಿಕ “ಅಪ್ಪಾ, ನೋಡ್ರಿ!” ಎಂದು ಕೂಗುತ್ತ ಸೈಕಲ್ಲಿನಲ್ಲಿ ಇಳಿದು ಬಂದ. ಒಡ್ಡಿನ ಬಳಿ ಸಡಿಲ ಮಣ್ಣಿನಲ್ಲಿ ಗಾಲಿ ಜಾರಿತು. ಸೈಕಲ್ ಒಂದು ಕಡೆ, ಅವನು ಒಂದು ಕಡೆ. ಪೆಟ್ಟಾಗಲಿಲ್ಲ, ಬಾಯಿ ತುಂಬ ಮಣ್ಣು ಮಾಡಿಕೊಂಡು ನಗುತ್ತ ಎದ್ದ.

ಕಾಶೀರಾಮರು ತೊಡೆ ತಟ್ಟಿ ನಕ್ಕರು. “ನೋಡ್ರಿ ಮಾಸ್ತರ್ರ! ಭಾಲ್ಕಿ ಸ್ಟೇಷನ್‌ದಾಗ ಬೀಳಲಾರದಾಂವ ಈಗ ಬಿದ್ದಾನ!”

ಗುರಮ್ಮ ಸೆರಗಿನಿಂದ ಮಾಣಿಕನ ಮುಖ ಒರೆಸುತ್ತ, “ಯಾಕ, ಮೊದಲ ಸಲಾ ನಡದಾಗೂ ಇಲ್ಲೇ ಬಿದ್ದಿದ್ನೆಲ್ರಿ. ಹಿಂಗೇ ಬಾಯಿ ತುಂಬ ಮಣ್ಣು. ಜೋಳಿಗ್ಯಾಗಿಂದ ಇಳಿಸಿದ್ದೇ ತಡ, ಅವ್ವನ ಬುಟ್ಟಿ ಹಿಂದ ಹೊಂಟಾನ! ನಾವೆಲ್ಲಾ ಬುಟ್ಟಿ ಕೆಳಗಿಟ್ಟು ನಕ್ಕೀವಿ. ಕೆಲಸ ಮಾಡಸೋ ಆ ಸಿಡುಕ ಮುಕಾದಮನೂ ನಕ್ಕಿದ್ದ” ಎಂದಳು.

ಕಾಶೀರಾಮರ ನಗು ನಿಂತಿತು. ಮೆಲ್ಲಗೆ ಒಡ್ಡಿನ ಮೇಲೆ ಕುಳಿತರು. ಏನು ಕೆಟ್ಟಿತೆಂದು ತಿಳಿಯದೆ ಗುರಮ್ಮ ನಮ್ಮೆಲ್ಲರ ಮುಖ ನೋಡಿದಳು.

“ಇಷ್ಟ ವರ್ಷ ಯಾಕ ಹೇಳಲಿಲ್ಲ ನೀ?” ಎಂದು ಹೆಂಡತಿಯನ್ನು ಕೇಳಿದರು.

ಕಾಂತಾಬಾಯಿ ಗಿಡದಿಂದ ಕೈ ತೆಗೆಯಲಿಲ್ಲ. “ಬರಿಗೈಲೆ ಇಳದಿದ್ರಿ ಗಾಡಿಯಿಂದ. ಮಾರಿ ಎತ್ತಿ ನನ್ನ ನೋಡಲಿಲ್ಲ ನೀವು. ಕೂಸಿನ ಆ ಹೆಜ್ಜಿ ಹೊರ್ತು ನಿಮ್ಮ ಕೈಗಿ ಏನ್ ಕೊಡ್ಲಿ ನಾ?”

ಗಾಳಿಗೆ ಬೇವಿನ ಎಲೆಗಳು ಅಲುಗಿದವು. ಕಾಶೀರಾಮರು ಒಡ್ಡಿನ ಮಣ್ಣನ್ನು ಅಂಗೈಯಿಂದ ಸವರುತ್ತ, “ಎಲ್ಲಿಂದ ಎಲ್ಲೀತನ ನಡದಿದ್ದ?” ಎಂದರು.

“ಈ ಗಿಡದಿಂದ ಆ ಕಲ್ಲಿನ ತನ.”

ಅವರು ಎದ್ದು ಬಂದು ಗಿಡದ ಬುಡದಲ್ಲಿ ನಿಂತರು. ಚಪ್ಪಲಿ ಬಿಟ್ಟರು. ಅಲ್ಲಿಂದ ಕಲ್ಲಿನವರೆಗೆ ಬರಿಗಾಲಲ್ಲಿ, ಮಣ್ಣು ನೋಡುತ್ತ ನಡೆದರು. ಕಲ್ಲನ್ನು ಮುಟ್ಟಿ ತಿರುಗಿದಾಗ ಮುಖದಲ್ಲಿ ಹಳೆಯ ತುಂಟತನ ಬಂದಿತ್ತು.

“ಸ್ಟೇಷನ್‌ದಾಗ ಅಂವ ಯಾಕ ಬೀಳಲಿಲ್ಲ ಅಂತ ಈಗ ತಿಳೀತು. ನಾ ನನ್ನ ರಕ್ತದ ಗುಣ ಅಂತ ತಿಳದಿದ್ದೆ. ನೀ ಇಲ್ಲಿ ಕಲಿಸಿ ಕರಕೊಂಡು ಬಂದಿದ್ದಿ!”

“ಮತ್ತ? ಅಪ್ಪನ ಮುಂದ ಬಿದ್ರ ಮರ್ಯಾದಿ ಹೋಗ್ತಿತ್ತಿಲ್ಲ?” ಎಂದರು ಕಾಂತಾಬಾಯಿ. ಅವರ ಕಣ್ಣು ತುಂಬಿತ್ತು, ನಗುತ್ತಲೂ ಇದ್ದರು.

ದಾರಿ ಗುಡ್ಡ ಸುತ್ತಿ, ಮಾಣಿಕ ಹೇಳಿದಂತೆ, ಮತ್ತೆ ಗೇಟಿಗೇ ಬಂತು. ಗುರಮ್ಮನ ಸೊಸೆ ಶೇಂಗಾ ಕೊಡುತ್ತಿರಲು ಕಾಶೀರಾಮರು ಗಂಟಲು ಸರಿಪಡಿಸಿಕೊಂಡರು: “ನೋಡವ್ವ, ನನ್ನ ಮಗ ಮೊದಲನೇ ಹೆಜ್ಜಿ ಇಟ್ಟಿದ್ದು ಈ ಗುಡ್ಡದ ಮ್ಯಾಲ, ಇವರವ್ವ ಕಟ್ಟಿದ ಒಡ್ಡಿನ ಮ್ಯಾಲ. ಭಾಲ್ಕಿ ಸ್ಟೇಷನ್ ಆಮ್ಯಾಲಿಂದು...”

ಬಸ್ಸು ದೂರದಲ್ಲಿ ಕಾಣುತ್ತಿತ್ತು. ಕಾಂತಾಬಾಯಿ ಅವಸರಿಸಲಿಲ್ಲ. ಶೇಂಗಾ ಬಿಡಿಸುತ್ತ, ಆ ಕಥೆಯನ್ನು ಮೊದಲ ಸಲ ಕೇಳುವವರಂತೆ ಕೇಳುತ್ತ ನಿಂತರು.