ಜಗತ್ತಿನ ಸಾಲಿನಲ್ಲಿ ನಮ್ಮ ಬಕೆಟ್

ನಗು ಬಂದರೆ ನಮ್ಮ ರಾಜ್ಯಶಾಸ್ತ್ರದ ಸರ್ ಭುಜಗಳು ಮೊದಲು ಕುಣಿಯುತ್ತಿದ್ದವು, ಸದ್ದು ಬರುವುದು ಆಮೇಲೆ. ಇಟ್ಟಿಗಿಯಿಂದ ಬಸ್ಸಿನಲ್ಲಿ ಕೊಟ್ಟೂರಿನ ಕಾಲೇಜಿಗೆ ಬರುತ್ತಿದ್ದರು. ದಾರಿಯಲ್ಲೇ ಪೇಪರು ಮುಗಿಸಿ, ದೇಶದೇಶಗಳ ಸುದ್ದಿಯನ್ನು ಬೀಗರ ಮನೆಯ ಸುದ್ದಿಯಂತೆ ಹೇಳುತ್ತಿದ್ದರು. "ಆ ದೊಡ್ಡ ದೇಶ ಸಭಿ ಬಿಟ್ಟು ಎದ್ದು ಹೋಗೈತಿ. ಊಟದ ಹೊತ್ತಿಗೆ ಬರ್ತೈತಿ, ನೋಡ್ತಿರ್ರಿ."

ಒಂದು ದಿನ ಬೋರ್ಡಿನ ಮೇಲೆ ಬರೆದರು: ಬೆಳೆಯುತ್ತಿರುವ ದೇಶ ಈಗಿನ ವಿಶ್ವವ್ಯವಸ್ಥೆಯನ್ನು ಉಳಿಸಬೇಕೇ, ಕೆಡವಬೇಕೇ? ಗುಡೇಕೋಟೆಯ ಕುರಿಗಾರರ ಮಗಳು ನಾನು. ನನ್ನ ಮಾತು ಕೇಳಿ ನಕ್ಕಾರೆಂಬ ಅಂಜಿಕೆಗೆ ತರಗತಿಯಲ್ಲಿ ಬಾಯಿಯೇ ಬಿಟ್ಟವಳಲ್ಲ. ಅಂದು ಮಾತ್ರ ಸಿಟ್ಟು ನೆತ್ತಿಗೇರಿತ್ತು. ಎದ್ದು, ಕೆಡವಬೇಕು ಎಂದೆ. ಯಾಕೆಂದು ಕೇಳಿದ್ದಕ್ಕೆ ಹಾಸ್ಟೆಲ್ಲಿನ ಕಥೆ ಬಿಚ್ಚಿದೆ. ಬಿಸಿನೀರಿನ ನಲ್ಲಿ ಒಂದೇ, ಕಡೆಯವರಿಗೆ ತಣ್ಣೀರೇ ಗತಿ. ಬೆಳಗ್ಗೆ ನಮ್ಮ ಬದಲು ಬಕೆಟ್‌ಗಳು ಸಾಲು ನಿಲ್ಲುತ್ತವೆ, ಫೈನಲ್ ಇಯರಿನವರದು ಯಾವಾಗಲೂ ಮುಂದೆ. ಅವರಿಗೆ ಮೊದಲ ಪಿರಿಯಡ್ಡೂ ಇಲ್ಲ! ಈಗ ಸೆಕೆಂಡ್ ಇಯರಿನ ನಾವೇ ಹೆಚ್ಚು ಜನ. ನಾಳೆ ಅವರ ಬಕೆಟ್ ಒದ್ದು ಉರುಳಿಸುವುದೆಂದು ತೀರ್ಮಾನವಾಗಿದೆ ಎಂದೆ.

ಭುಜ ಕುಣಿದವು. "ಸಾಲು ಮುರಿದೋರು ಮುಂದ ನಿಲ್ತಾರ ಖರೆ, ಆದ್ರ ಹಿಂದ ನೋಡ್ಕೋತನ ನಿಲ್ಬೇಕಾಗ್ತೈತಿ. ಬರೋ ವರ್ಷ ನೀವ ಫೈನಲ್ ಅಲ್ಲೇನವ್ವಾ? ಸ್ವಲ್ಪ ತಡಕೊಂಡ್ರ ಆ ಸಾಲು ನಿಮ್ದ."

"ಆವಾಗ ನಾವೂ ಸಣ್ಣೋರಿಗೆ ಹಿಂಗ ಮಾಡ್ಬೇಕೇನ್ರಿ ಸರ್?"

ಸರ್ ಡಸ್ಟರ್ ಹಿಡಿದು 'ಉಳಿಸಬೇಕೇ, ಕೆಡವಬೇಕೇ' ಎರಡನ್ನೂ ಅಳಿಸಿ, 'ಹೇಗೆ ತಿದ್ದಬೇಕು' ಎಂದು ಬರೆದರು. "ನಾ ಸೋತೆ. ಇವತ್ತು ಪಾಠ ಈಕಿ ಮಾಡ್ಯಾಳ, ಬರಕೊಳ್ರಿ."

ಬಕೆಟ್ ಒದೆಯಲಿಲ್ಲ. ಮಂಡಕ್ಕಿ-ಮಿರ್ಚಿ ಮುಂದಿಟ್ಟುಕೊಂಡು ಸೀನಿಯರ್‌ಗಳ ಜೊತೆ ಜಗಳಾಡಿಯೇ ಒಪ್ಪಿಸಿದೆವು: ಯಾರಿಗೆ ಮೊದಲು ಕ್ಲಾಸೋ ಅವರ ಬಕೆಟ್ ಮೊದಲು. ಮರುವರ್ಷ ನಾನು ಫೈನಲ್‌ಗೆ ಬಂದರೆ ನನ್ನ ಕ್ಲಾಸು ಹನ್ನೊಂದಕ್ಕೆ, ಬಕೆಟ್ ಮತ್ತೆ ಕಟ್ಟಕಡೆಗೆ. ತಣ್ಣೀರಿನಲ್ಲಿ ಜಳಕ ಮಾಡಿ ಹಲ್ಲು ಕಟಕಟ ಎನ್ನುತ್ತ ಸರ್ ಹತ್ತಿರ ದೂರು ಒಯ್ದೆ. "ನಿನ್ನ ಕಾನೂನವ್ವಾ," ಎಂದರು, "ನಿನಗೂ ತಟ್ಟಿದ್ರನ ಅದು ಕಾನೂನು."

ಅವರು ತೀರಿಕೊಂಡು ಒಂದು ವರ್ಷವಾಯಿತು. ಕಡೆಯ ತನಕ ಬಸ್ಸಿನ ಕಂಡಕ್ಟರಿಗೂ ಚಹಾದಂಗಡಿಯವನಿಗೂ ನನ್ನನ್ನು ತೋರಿಸಿ, "ಈಕಿ ನನ್ನ ಸೋಲಿಸ್ಯಾಳ" ಎಂದು ಹಿಗ್ಗುತ್ತಿದ್ದರು. ಈಗ ಹಡಗಲಿಯ ಕಾಲೇಜಿನಲ್ಲಿ ನಾನು ಮಾತಾಡಿಯೇ ಹೊಟ್ಟೆ ಹೊರೆಯುತ್ತೇನೆ. ಅಂದು ಅವರು ಗೆದ್ದಿದ್ದರೆ ನಾನು ಮತ್ತೆಂದೂ ಎದ್ದು ನಿಲ್ಲುತ್ತಿರಲಿಲ್ಲ.