ದೇವಣ್ಣನ ಕೆಂಪು ಪನ್ನೀರು

ಕೊಳ್ಳೇಗಾಲದ ನಮ್ಮ ನೇಕಾರರ ಬೀದಿಯಲ್ಲಿ ದೇವಣ್ಣನಂಥ ಜಂಬಗಾರ ಇನ್ನೊಬ್ಬನಿರಲಿಲ್ಲ. ರೇಷ್ಮೆ ನೂಲಿಗೆ ಬಣ್ಣ ಹಾಕುವುದು ಅವನ ಕಸುಬು. ಅದನ್ನು ಮಾಡಿಕೊಂಡು ತೆಪ್ಪಗಿದ್ದರೆ ಅವನ ತಂಟೆಗೆ ಯಾರೂ ಹೋಗುತ್ತಿರಲಿಲ್ಲ. ಅರವತ್ತನಾಲ್ಕನೇ ಇಸವಿಯಲ್ಲಿ ಅವನಿಗೆ ಮುಖಕ್ಕೆ ಹಚ್ಚುವ ಪನ್ನೀರು ಮಾಡಿ ಮಾರುವ ಹುಚ್ಚು ಹಿಡಿಯಿತು.

ಗುಲಾಬಿ ಎಸಳು ಕುದಿಸಿ ಸೋಸಿದ. ನೀರು ಅಕ್ಕಚ್ಚಿನ ಹಾಗೆ ಪೇಲವವಾಗಿತ್ತು.

"ಕೆಂಪಗಿಲ್ದಿದ್ರೆ ಯಾರ್ ತಕತಾರೆ?" ಎಂದವನೇ ನೂಲಿನ ಬಣ್ಣವನ್ನು ಬೆರೆಸಿದ. ನೀರು ಕೆಡದಿರಲೆಂದು ನಿಂಬೆಹುಳಿಯನ್ನೂ ಹಿಂಡಿದ. ಹುಳಿ ಬಿದ್ದರೆ ಬಣ್ಣ ರೇಷ್ಮೆಯನ್ನು ಕಚ್ಚಿ ಹಿಡಿಯುವುದನ್ನು ದಿನಾ ನೋಡುವವನು, ಮುಖದ ಚರ್ಮದ ಗತಿಯೇನೆಂದು ಯೋಚಿಸಲಿಲ್ಲ. ತನ್ನ ಕೈಗಳೇ ವರ್ಷವಿಡೀ ಬಣ್ಣ ಮೆತ್ತಿಕೊಂಡಿದ್ದವು, ಅದೂ ಕಾಣಲಿಲ್ಲ. ಬುದ್ಧಿಗೇಡಿ!

ಅವನ ಮಗಳು ಅನಸೂಯಳನ್ನು ನೋಡಲು ಯಳಂದೂರಿನಿಂದ ಗಂಡಿನ ಕಡೆಯವರು ಬರುವವರಿದ್ದರು. ಹುಡುಗನನ್ನು ನೆಂಟರ ಮದುವೆಯಲ್ಲಿ ಕಂಡಿದ್ದ ಅನಸೂಯ ಅವನನ್ನು ಮನಸಾರೆ ಮೆಚ್ಚಿದ್ದಳು. ಆ ಬೆಳಿಗ್ಗೆ ದೇವಣ್ಣ, "ಮೊಕಕ್ಕೆ ಕಳೆ ಬತ್ತದೆ ಕಣವ್ವ" ಎಂದು ಪನ್ನೀರು ಹಚ್ಚಿಸಿದ. ನೀರು ಒಣಗಿತು, ಬಣ್ಣ ಉಳಿಯಿತು. ಕೆನ್ನೆ, ಹಣೆ, ಮೂಗು ಎಲ್ಲ ಕಡುಗೆಂಪು. ಪಕ್ಕದ ಮನೆಯ ನಾನೇ ಹೋಗಿ ಕಡಲೆಹಿಟ್ಟು ಹಾಕಿ ತಿಕ್ಕಿದೆ. ಹುಡುಗಿ ಉರಿಯಿಂದ ಅತ್ತಳೇ ಹೊರತು ಬಣ್ಣ ಬಿಡಲಿಲ್ಲ.

ಗಂಡಿನ ತಾಯಿ ರಂಗಮ್ಮ ಹುಡುಗಿಯನ್ನು ನೋಡಿ ಬೆಚ್ಚಿಬಿದ್ದರು. "ಏನಿದು, ಮಗೀನ ಮೊಕ ಇಂಗೈತೆ?"

ಪನ್ನೀರಿನ ಕೆಲಸ ಎಂದರೆ ಮುಗಿದುಹೋಗುತ್ತಿತ್ತು. ಆದರೆ ಮರುದಿನದ ಸಂತೆಗೆ ಸೀಸೆಗಳು ತುಂಬಿ ನಿಂತಿದ್ದವು. ದೇವಣ್ಣ ಹಲ್ಲು ಕಿರಿದ. "ಚಿಕ್ಕಂದಿನಿಂದ್ಲೂ ಇಂಗೇ ಕಣವ್ವ. ಆಗಾಗ ಕೆಂಪಾಯ್ತದೆ, ಓಯ್ತದೆ."

ಥೂ, ಅವನ ಜನ್ಮಕ್ಕಿಷ್ಟು! ಸೀಸೆ ಮಾರಲು ಹೆತ್ತ ಮಗಳಿಗೆ ಇಲ್ಲದ ರೋಗ ಅಂಟಿಸಿದ. ರಂಗಮ್ಮ ಕಾಫಿ ಲೋಟವನ್ನೂ ಮುಟ್ಟದೆ ಎದ್ದರು. "ಇಲ್ಲ ಕಣವ್ವ, ಇದು ಪನ್ನೀರು..." ಎಂದು ಅನಸೂಯ ಬಾಗಿಲವರೆಗೆ ಓಡಿದಳು. ಅಪ್ಪನ ಮಾತು ಕೇಳಿದ ಮೇಲೆ ಅವಳ ಮಾತು ಯಾರಿಗೆ ಬೇಕಿತ್ತು?

ಮರುದಿನ ದೇವಣ್ಣ ಸಂತೆಯಲ್ಲಿ ಚಾಪೆ ಹಾಸಿ ಸೀಸೆ ಜೋಡಿಸಿ, "ಪನ್ನೀರು, ಪನ್ನೀರು" ಎಂದು ಕೂಗತೊಡಗಿದ. ಹೆಂಗಸರು ಮುತ್ತಿಕೊಂಡರು. ಅಷ್ಟರಲ್ಲಿ ಅನಸೂಯ ಬಂದು ಅವನ ಪಕ್ಕದಲ್ಲೇ ಕೂತಳು. ತಲೆಯ ಮೇಲೆ ಸೆರಗೂ ಇರಲಿಲ್ಲ.

"ಮನೆಗೋಗವ್ವ, ಜನ ನೋಡ್ತಾರೆ" ಎಂದು ಅವನು ಹಲ್ಲು ಕಚ್ಚಿದ.

"ನೋಡ್ಲಿ ಅಂತ್ಲೇ ಬಂದಿವ್ನಿ ಕಣಪ್ಪ" ಎಂದ ಅನಸೂಯ, ಸೀಸೆ ಹಿಡಿದು ನಿಂತಿದ್ದ ಹೆಂಗಸಿನತ್ತ ಮುಖವೆತ್ತಿದಳು. "ತಕಳಿ ಅಕ್ಕ. ನಾನೂ ಇದ್ನೇ ಹಚ್ಕಂಡಿದ್ದು."